ಹೊಸ ಲೇಖಕರ ಪುಸ್ತಕ ಓದುಗರ ಕಣ್ಣಿಗೆ ಬೀಳುವುದು ಹೇಗೆ?

ಕನ್ನಡದಲ್ಲಿ ಹೊಸ ಪುಸ್ತಕದ ಸುದ್ದಿ ಈಗ ಮೊದಲು ಸಿಗುವುದು ಫೇಸ್‌ಬುಕ್ಕಿನಲ್ಲಿ. ಮುಖಪುಟ ತಯಾರಾಯಿತೆಂದು ಒಂದು ಪೋಸ್ಟ್, ಬೆನ್ನುಡಿ ಯಾರು ಬರೆದರೆಂದು ಇನ್ನೊಂದು, ಅಚ್ಚಿನ ಮನೆಯಿಂದ ಪ್ರತಿಗಳು ಬಂದ ದಿನ ಕಟ್ಟು ಬಿಚ್ಚುವ ವಿಡಿಯೊ. ಅದರ ಕೆಳಗೊಂದು ಮೊಬೈಲ್ ನಂಬರು. ಫೋನ್‌ಪೇಯೋ ಗೂಗಲ್‌ಪೇಯೋ ಮಾಡಿ, ಹಣ ಕಳಿಸಿದ ಸ್ಕ್ರೀನ್‌ಶಾಟ್ ಜೊತೆಗೆ ವಿಳಾಸವನ್ನು ವಾಟ್ಸಾಪ್ ಮಾಡಿದರೆ ಸಾಕು, ಪುಸ್ತಕ ಮನೆಗೆ ಬರುತ್ತದೆ. ಕಳಿಸುವವರು ಬಹಳ ಸಲ ಲೇಖಕರೇ. ಸಂಜೆ ಕೆಲಸದಿಂದ ಬಂದು, ಊಟದ ಮೇಜಿನ ಮೇಲೆ ಪ್ರತಿಗಳನ್ನು ಹರಡಿಕೊಂಡು, ಒಳಪುಟದಲ್ಲಿ ಓದುಗರ ಹೆಸರು ಬರೆದು ಸಹಿ ಹಾಕಿ, ಲಕೋಟೆಗೆ ವಿಳಾಸದ ಚೀಟಿ ಅಂಟಿಸುತ್ತಾರೆ. ಪಿನ್‌ಕೋಡ್ ಬಿಟ್ಟವರಿಗೆ ಮತ್ತೆ ಮೆಸೇಜು. ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿ.

ಲೇಖಕರೇ ಪುಸ್ತಕ ಮಾರುವುದು ನಮಗೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿದವರು. ಜಿ.ಪಿ. ರಾಜರತ್ನಂ ಶಾಕ್ಯ ಸಾಹಿತ್ಯ ಮಂಟಪವೆಂಬ ಪ್ರಕಾಶನ ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ತಾವೇ ಕೈಯಾರೆ ಓದುಗರಿಗೆ ಮುಟ್ಟಿಸಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರ ಮೇಲೆ. ಮುಂದೆ ಯಾವ ಪುಸ್ತಕ ಬರುತ್ತದೆಂದು ಗೊತ್ತಿಲ್ಲದೆಯೂ ಮಾಲೆಯ ಮೇಲಿನ ನಂಬಿಕೆಯಿಂದ ಹಣ ಕಟ್ಟಿದ ಓದುಗರು ಅವರು. ಈಗ ಬದಲಾಗಿರುವುದು ದೂರ. ಸಿಂಧನೂರಿನ ಶಿಕ್ಷಕರೊಬ್ಬರು, ಮಸ್ಕತ್ತಿನಲ್ಲಿರುವ ಕುಂದಾಪುರದವರೊಬ್ಬರು, ಬೆಂಗಳೂರಿನ ಕಾಲೇಜು ಹುಡುಗಿ, ಮೂವರಿಗೂ ಒಂದೇ ಸಂಜೆ ಒಂದೇ ಪುಸ್ತಕದ ಸುದ್ದಿ ತಲುಪುತ್ತದೆ.

ಈ ಸೌಲಭ್ಯದ ಬೆಲೆ ಗೊತ್ತಾಗಬೇಕಾದರೆ ಸಣ್ಣ ಊರಿನಲ್ಲಿ ನಿಂತು ನೋಡಬೇಕು. ಬೆಂಗಳೂರಿನ ಗಾಂಧಿಬಜಾರಿನಲ್ಲಿ ಅಂಕಿತ ಪುಸ್ತಕದಂಗಡಿ ಇದೆ, ದೊಡ್ಡ ಊರುಗಳಲ್ಲಿ ಸಪ್ನಾ, ನವಕರ್ನಾಟಕ ಇವೆ. ತಾಲ್ಲೂಕು ಕೇಂದ್ರಗಳಲ್ಲಿ ಪುಸ್ತಕದಂಗಡಿ ಎಂದರೆ ನೋಟ್‌ಬುಕ್, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಇಷ್ಟೇ. ಕತೆ ಕಾದಂಬರಿ ಬೇಕೆಂದರೆ ಗ್ರಂಥಾಲಯ, ಇಲ್ಲವೇ ವರ್ಷಕ್ಕೊಮ್ಮೆ ಬರುವ ಸಾಹಿತ್ಯ ಸಮ್ಮೇಳನದ ಮಳಿಗೆ. ಲೇಖಕರ ಕಡೆಯಿಂದ ನೋಡಿದರೂ ಲೆಕ್ಕ ಕಷ್ಟದ್ದೇ. ಅಂಗಡಿಗೆ ಕೊಟ್ಟರೆ ಮುಖಬೆಲೆಯ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ರಿಯಾಯಿತಿಗೆ ಹೋಗುತ್ತದೆ, ಉಳಿದದ್ದು ಮಾರಾಟವಾದ ಮೇಲೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿ ಪುಸ್ತಕ ತಂದವರು ಹಣಕ್ಕಾಗಿ ವರ್ಷಗಟ್ಟಲೆ ಕಾದದ್ದುಂಟು. ಹಾಗಾಗಿಯೇ ಸಾವಿರ ಪ್ರತಿ ಹಾಕಿಸುತ್ತಿದ್ದ ಕಡೆ ಈಗ ಮುನ್ನೂರು ಹಾಕಿಸಿ, ಮುಂಗಡ ಬುಕಿಂಗ್ ನೋಡಿಕೊಂಡು ಮತ್ತೆ ಅಚ್ಚಿಗೆ ಕೊಡುವವರು ಹೆಚ್ಚಾಗಿದ್ದಾರೆ.

ಇ-ಪುಸ್ತಕದ ದಾರಿ ಇತ್ತಲ್ಲ ಎಂದು ಕೇಳಬಹುದು. ಬೇರೆ ಭಾಷೆಗಳಲ್ಲಿ ಸ್ವತಂತ್ರ ಲೇಖಕರನ್ನು ಮೇಲೆತ್ತಿದ್ದು ಅದೇ. ಆದರೆ 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದು ಭಾಷೆಗಳಿಗೆ ಬಾಗಿಲು ತೆರೆದಾಗ ಕನ್ನಡವನ್ನು ಹೊರಗೇ ನಿಲ್ಲಿಸಿತು. ತಮಿಳಿನ ಹೊಸ ಲೇಖಕರೊಬ್ಬರು ಮನೆಯಲ್ಲೇ ಕೂತು ತಮ್ಮ ಕಾದಂಬರಿಯನ್ನು ಕಿಂಡಲಿಗೆ ಏರಿಸಬಹುದಾದ ಕಾಲದಲ್ಲಿ ಕನ್ನಡದವರಿಗೆ ಆ ಅವಕಾಶವೇ ಸಿಗಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು 2020ರಲ್ಲಿ ಕನ್ನಡಿಗರೇ ಶುರು ಮಾಡಿದ ಮೈಲ್ಯಾಂಗ್. ಅಲ್ಲಿ ಇ-ಪುಸ್ತಕವೂ ಇದೆ, ಕೇಳುಪುಸ್ತಕವೂ ಇದೆ. ಪ್ರತಿಲಿಪಿ ಜಾಲತಾಣದಲ್ಲಿ ಧಾರಾವಾಹಿ ಬರೆದು ಓದುಗರನ್ನು ಗಳಿಸಿದವರು ಇನ್ನೊಂದು ಬಳಗ. ಹಾಗಿದ್ದೂ ಕನ್ನಡದ ಸ್ವತಂತ್ರ ಪುಸ್ತಕ ಇವತ್ತಿಗೂ ಹೆಚ್ಚಾಗಿ ಕಾಗದದ ಪುಸ್ತಕವೇ, ಅದರ ಅಂಗಡಿ ಲೇಖಕರ ವಾಟ್ಸಾಪ್.

ಸುದ್ದಿ ಕಣ್ಣಿಗೆ ಬಿದ್ದವರೆಲ್ಲ ಕೊಳ್ಳುವುದಿಲ್ಲ. ಲೇಖಕರ ಪೋಸ್ಟಿನ ಕೆಳಗಿನ ಕಮೆಂಟುಗಳನ್ನು ಓದುತ್ತ ಹೋದರೆ 'ಅಭಿನಂದನೆ', 'ಶುಭವಾಗಲಿ ಸರ್', 'ಸೂಪರ್ ಮೇಡಂ' ಬಹಳ ಸಿಗುತ್ತವೆ. ಇವು ಪ್ರೀತಿಯ ಮಾತುಗಳು. ಅವರಲ್ಲಿ ಕೆಲವರು ಆ ಪ್ರೀತಿಗಾಗಿಯೇ ಪುಸ್ತಕ ಕೊಂಡು ಕಪಾಟಿನಲ್ಲಿ ಇಡುತ್ತಾರೆ. ಮೊದಲ ನೂರು ಪ್ರತಿ ಹೀಗೆ, ಗೆಳೆಯರು, ಸಹೋದ್ಯೋಗಿಗಳು, ಊರಿನವರು ಎಂದು ಖರ್ಚಾಗುತ್ತದೆ. ನಿಜವಾದ ಪರೀಕ್ಷೆ ಆಮೇಲೆ. ಲೇಖಕರ ಪರಿಚಯವೇ ಇಲ್ಲದ ಒಬ್ಬರು ಪುಸ್ತಕ ಓದಿ, ತಮ್ಮ ಫೇಸ್‌ಬುಕ್ ಗೋಡೆಯ ಮೇಲೆ ಒಂದು ಪುಟದ ಫೋಟೊ ಹಾಕಿ, 'ನಿನ್ನೆ ರಾತ್ರಿ ಶುರು ಮಾಡಿದೆ, ಮುಗಿಸಿಯೇ ಮಲಗಿದೆ. ಕೊನೆಯ ಭಾಗ ಸ್ವಲ್ಪ ಎಳೆದಂತಿದೆ, ಆದರೆ ಅಜ್ಜಿಯ ಪಾತ್ರಕ್ಕಾಗಿ ಓದಲೇಬೇಕು' ಎಂದು ಬರೆಯುತ್ತಾರಲ್ಲ, ಅಲ್ಲಿಂದ ಪುಸ್ತಕಕ್ಕೆ ಕಾಲು ಬರುತ್ತದೆ. ಕೆಳಗಿನ ಕಮೆಂಟುಗಳೂ ಬೇರೆ ಥರ ಇರುತ್ತವೆ: 'ಎಲ್ಲಿ ಸಿಗುತ್ತೆ?', 'ಎಷ್ಟು ಪುಟ?', 'ನಂಬರ್ ಕಳಿಸಿ'.

ಆ ಅಪರಿಚಿತ ಓದುಗರ ಮಾತಿಗೆ ತೂಕ ಬರುವುದು ಎರಡು ಕಾರಣಕ್ಕೆ. ಒಂದು, ಅವರಿಗೆ ಆ ಪುಸ್ತಕದಿಂದ ಯಾವ ಲಾಭವೂ ಇಲ್ಲ. ಎರಡು, ಒಂದು ಕೊರತೆಯನ್ನೂ ಹೇಳಿದ್ದಾರೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಹತ್ತು ಪುಸ್ತಕ ಓದಿ ಹತ್ತನ್ನೂ ಅದ್ಭುತ ಎನ್ನುವವರ ಹನ್ನೊಂದನೆಯ 'ಅದ್ಭುತ'ವನ್ನು ಯಾರೂ ನಂಬುವುದಿಲ್ಲ.

ಅಚ್ಚಿನ ಪುಟದ ಆ ಫೋಟೊ ಬೆನ್ನುಡಿಗಿಂತ ಹೆಚ್ಚು ಮಾತಾಡುತ್ತದೆ. ಒಂದೇ ಪುಟದಲ್ಲಿ ವಾಕ್ಯ ಹೇಗೆ ನಡೆಯುತ್ತದೆ, ಸಂಭಾಷಣೆ ಯಾವ ಸೀಮೆಯದು, ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿವೆಯೇ, ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ ಬಿಟ್ಟಿದ್ದಾರೆಯೇ, ಕರಡು ತಿದ್ದಿದವರು ಇದ್ದಾರೆಯೇ, ಎಲ್ಲ ಗೊತ್ತಾಗುತ್ತದೆ. ಸ್ವತಂತ್ರವಾಗಿ ಬರುವ ಪುಸ್ತಕಗಳ ದೊಡ್ಡ ಕೊರತೆ ಸಂಪಾದಕರಿಲ್ಲದಿರುವುದು. ಡಿಟಿಪಿ ಆದ ಕೂಡಲೇ ಅಚ್ಚಿಗೆ ಹೋದ ಪುಸ್ತಕ ಒಂದು ಪುಟದಲ್ಲೇ ಸಿಕ್ಕಿಬೀಳುತ್ತದೆ. ಪಳಗಿದ ಓದುಗರು ಆ ಫೋಟೊವನ್ನು ಹಿಗ್ಗಿಸಿ ಓದಿಯೇ ಹಣ ಕಳಿಸುತ್ತಾರೆ.

ಮೈಸೂರಿನ ಅನುಷ್ ಎ. ಶೆಟ್ಟಿ ಅವರ ಕಾದಂಬರಿಗಳನ್ನು ನೋಡಿ. 'ಆಹುತಿ', 'ನೀನು ನಿನ್ನೊಳಗೆ ಖೈದಿ', 'ಹುಲಿ ಪತ್ರಿಕೆ' ಇವು ದೊಡ್ಡ ಪ್ರಕಾಶನದ ಬೆಂಬಲದಿಂದ ಬಂದವಲ್ಲ. ಅವುಗಳ ಹೆಸರನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದವರು ಹೆಚ್ಚಾಗಿ ಎಳೆಯ ಓದುಗರು; ವೇಗವಾಗಿ ಓದಿಸಿಕೊಳ್ಳುವ ಕನ್ನಡ ಕಾದಂಬರಿಗಾಗಿ ಕಾಯುತ್ತಿದ್ದವರು. ವಸುಧೇಂದ್ರರದು ಇನ್ನೊಂದು ಬಗೆ. ಸಾಫ್ಟ್‌ವೇರ್ ಕ್ಷೇತ್ರದಿಂದ ಬಂದ ಅವರು ತಮ್ಮ ಪುಸ್ತಕ ತರಲು ಛಂದ ಪುಸ್ತಕ ಪ್ರಕಾಶನ ಕಟ್ಟಿದರು, ಆಮೇಲೆ ಹೊಸ ಕತೆಗಾರರ ಹಸ್ತಪ್ರತಿಗೆ ಬಹುಮಾನವಿಟ್ಟು ಮೊದಲ ಸಂಕಲನಗಳನ್ನು ಪ್ರಕಟಿಸಿದರು. ಹಾಗೆ ಬಂದ ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ', ಪದ್ಮನಾಭ ಭಟ್ ಶೇವ್ಕಾರ ಅವರ 'ಕೇಪಿನ ಡಬ್ಬಿ' ಎರಡಕ್ಕೂ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂತು. ಲೇಖಕರ ಹೆಸರು ಕೇಳಿರದಿದ್ದರೂ ಛಂದದ ಪುಸ್ತಕವೆಂದು ಕೊಳ್ಳುವವರಿದ್ದಾರೆ. ಮನೋಹರ ಗ್ರಂಥಮಾಲೆಯ ಚಂದಾದಾರರ ನಂಬಿಕೆಯೂ ಇದೇ ಜಾತಿಯದು. ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಗೆದ್ದಾಗ ಅದನ್ನು ಪ್ರಕಟಿಸಿದ್ದ ಅಂಡ್ ಅದರ್ ಸ್ಟೋರೀಸ್ ಕೂಡ ಇಂಗ್ಲೆಂಡಿನ ಶೆಫೀಲ್ಡಿನ ಒಂದು ಸಣ್ಣ ಸ್ವತಂತ್ರ ಸಂಸ್ಥೆ. ಅದನ್ನೂ ಚಂದಾದಾರರೇ ಪೊರೆಯುತ್ತಾರೆ, ಅವರ ಹೆಸರುಗಳು ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚಾಗುತ್ತವೆ.

ಇನ್‌ಸ್ಟಾಗ್ರಾಮಿನ ಕತೆ ಸ್ವಲ್ಪ ಬೇರೆ. ಪಶ್ಚಿಮದ ದೇಶಗಳಲ್ಲಿ ಟಿಕ್‌ಟಾಕ್ ಓದುಗರು ಪುಸ್ತಕದ ಮಾರುಕಟ್ಟೆಯನ್ನೇ ಅಲುಗಾಡಿಸಿದರು. 2012ರಲ್ಲಿ ಮೊದಲ ಕಾದಂಬರಿಯನ್ನು ತಾವೇ ಪ್ರಕಟಿಸಿಕೊಂಡಿದ್ದ ಅಮೆರಿಕದ ಕಾಲೀನ್ ಹೂವರ್ ಅವರ 2016ರ ಪುಸ್ತಕವೊಂದು ಐದು ವರ್ಷಗಳ ಮೇಲೆ, ಓದಿ ಕಣ್ಣೀರಿಡುವ ಓದುಗರ ವಿಡಿಯೊಗಳಿಂದಾಗಿ ಮತ್ತೆ ಮಾರಾಟದ ತುದಿಗೇರಿತು. ಭಾರತದಲ್ಲಿ 2020ರ ಜೂನ್‌ನಲ್ಲೇ ಟಿಕ್‌ಟಾಕ್ ನಿಂತುಹೋದ್ದರಿಂದ ನಮ್ಮ ಎಳೆಯ ಓದುಗರು ಇನ್‌ಸ್ಟಾಗ್ರಾಮಿನ ರೀಲ್ಸಿಗೆ ಬಂದರು. ಕಾಫಿ ಲೋಟದ ಪಕ್ಕ ಪುಸ್ತಕ, ಹಿಂದೆ ಒಂದು ಭಾವಗೀತೆ. ಮುಖಪುಟ ಕಣ್ಣಲ್ಲಿ ಉಳಿಯುತ್ತದೆ ನಿಜ, ಪುಸ್ತಕದೊಳಗೆ ಏನಿದೆಯೆಂದು ಅಷ್ಟರಲ್ಲಿ ತಿಳಿಯದು. ಆದರೂ ಅಲ್ಲಿ ಕನ್ನಡ ಪುಸ್ತಕ ಹಿಡಿದು ನಿಂತವರನ್ನು ಕಂಡು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಕನ್ನಡಕ್ಕೆ ಮರಳಿದ್ದಾರೆ. ನನಗೆ ಇದು ತುಂಬ ಸಂತೋಷ ಕೊಟ್ಟ ಬೆಳವಣಿಗೆ.

ಚಿಂತೆಯ ಸಂಗತಿಗಳೂ ಇವೆ. ಮೊದಲನೆಯದು ಪರಸ್ಪರ ಹೊಗಳಿಕೆ. ನನ್ನ ಪುಸ್ತಕಕ್ಕೆ ನೀವು ಬರೆಯಿರಿ, ನಿಮ್ಮದಕ್ಕೆ ನಾನು ಬರೆಯುತ್ತೇನೆ ಎಂಬ ಒಪ್ಪಂದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಓದುಗರಿಗೆ ಅದು ಕಂಡೇ ಕಾಣುತ್ತದೆ. ಅದಕ್ಕಿಂತ ನೋವು ಕೊಡುವುದು ಮೌನ ಸ್ವಭಾವದ ಲೇಖಕರ ಪಾಡು. ದಿನಕ್ಕೊಂದು ಪೋಸ್ಟ್ ಹಾಕಲು, ಕ್ಯಾಮೆರಾ ಮುಂದೆ ನಿಂತು ಮಾತಾಡಲು ಬಾರದವರು, ಗೆಳೆಯರ ಬಳಗ ಚಿಕ್ಕದಾಗಿರುವವರು ಎಷ್ಟೇ ಚೆನ್ನಾಗಿ ಬರೆದರೂ ಈ ಸಂತೆಯಲ್ಲಿ ಕಾಣುವುದಿಲ್ಲ. ಯಾವ ಪೋಸ್ಟನ್ನು ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುವುದು ಕಂಪನಿಯ ಯಂತ್ರ; ಅದಕ್ಕೆ ಬೇಕಾದ್ದು ಲೈಕು, ಕಮೆಂಟು. ಹಿಂದೆ ಪತ್ರಿಕೆಯ ಪುರವಣಿಯಲ್ಲಿ ಒಬ್ಬ ವಿಮರ್ಶಕ ಮುನ್ನೂರು ಪದ ಬರೆದರೆ ಅಂಥವರಿಗೂ ಒಂದು ಬೆಳಕು ಬೀಳುತ್ತಿತ್ತು. ಆ ಜಾಗ ಕುಗ್ಗಿದೆ. ಬುಕ್ ಬ್ರಹ್ಮ, ಋತುಮಾನ, ಕೆಂಡಸಂಪಿಗೆಯಂಥ ತಾಣಗಳು ಅದನ್ನು ಒಂದಿಷ್ಟು ತುಂಬುತ್ತಿವೆ.

ಅಂಚೆಯದ್ದೂ ಒಂದು ಪೆಟ್ಟು. ಸಣ್ಣ ಪ್ರಕಾಶಕರು, ಲೇಖಕರು ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ನೂರೈವತ್ತು ರೂಪಾಯಿಯ ಪುಸ್ತಕವನ್ನು ಕಳಿಸುವ ಖರ್ಚು ಏರಿದರೆ ಒಂದೋ ಲೇಖಕರು ಭರಿಸಬೇಕು, ಇಲ್ಲವೇ ಓದುಗರು. 'ಅಂಚೆ ವೆಚ್ಚ ಉಚಿತ' ಎಂಬ ಸಾಲಿನ ಹಿಂದೆ ಲೇಖಕರ ಜೇಬಿದೆ. ಎಲ್ಲ ಬಗೆಯ ಪುಸ್ತಕಗಳಿಗೂ ಕಡಿಮೆ ದರದ ಅಂಚೆ ಇರಬೇಕು. ಸರ್ಕಾರ ಕನ್ನಡಕ್ಕಷ್ಟೇ ಅಲ್ಲ, ಎಲ್ಲ ದೇಶಭಾಷೆಗಳಿಗೂ ಮಾಡಬಹುದಾದ ಸುಲಭದ ಸಹಾಯ ಅದು.

ಓದುಗರಾಗಿ ನಮ್ಮ ಕೈಯಲ್ಲಿರುವ ಕೆಲಸ ಇನ್ನೂ ಸುಲಭದ್ದು. ಈ ತಿಂಗಳು ನೀವು ಓದಿದ ಹೊಸಬರ ಪುಸ್ತಕ ಯಾವುದಾದರೂ ಇದ್ದರೆ, ಅದರ ಬಗ್ಗೆ ನಾಲ್ಕು ಸಾಲು ಬರೆಯಿರಿ. ಹಿಡಿಸಿದ್ದನ್ನು ಬರೆಯಿರಿ, ಹಿಡಿಸದ್ದನ್ನೂ ಬರೆಯಿರಿ. ಒಂದು ಪುಟದ ಫೋಟೊ, ಬೆಲೆ, ಪುಸ್ತಕ ಎಲ್ಲಿ ಸಿಗುತ್ತದೆಂಬ ವಿವರ ಇರಲಿ. ಲೇಖಕರು ನಿಮ್ಮ ಗೆಳೆಯರಾಗಿದ್ದರೆ ಅದನ್ನೂ ತಿಳಿಸಿ. ನಿಮ್ಮ ಗೋಡೆಯಲ್ಲಿ ಇನ್ನೂರು ಜನರೇ ಇದ್ದರೂ ಸರಿ. ಮುನ್ನೂರು ಪ್ರತಿ ಅಚ್ಚಾದ ಪುಸ್ತಕಕ್ಕೆ ಹತ್ತು ಜನ ಹೊಸ ಓದುಗರು ಎಂದರೆ ಸಣ್ಣ ಸಂಖ್ಯೆಯಲ್ಲ.