ಸೋಫಾ ಮೇಲೆ ಬಿದ್ದುಕೊಂಡಿರೋ ಆ ಮನುಷ್ಯ ಯಾರು?

ಇವತ್ತಿನ ಎಪಿಸೋಡನ್ನ ಒಂದು ಮೀಮ್‌ನಿಂದ ಶುರು ಮಾಡೋಣ.

ಫೋಟೋ ಹೀಗಿದೆ. ಹೂಹೂವಿನ ಅಂಗಿ ಹಾಕಿರೋ ಸಣಕಲು ಮನುಷ್ಯ, ಮುಂದಲೆ ಬೋಳು. ಮೈಯಲ್ಲಿ ಮೂಳೆನೇ ಇಲ್ವೇನೋ ಅನ್ನೋ ಹಾಗೆ ಸೋಫಾ ಮೇಲೆ ಜಾರಿ ಬಿದ್ದಿದ್ದಾನೆ. ಮುಖದಲ್ಲಿ ಆಸೆಯೂ ಇಲ್ಲ, ಬೇಜಾರೂ ಇಲ್ಲ. 2016ರಲ್ಲಿ ಚೀನಾದ ಹುಡುಗ ಹುಡುಗಿಯರ ಫೋನ್‌ಗಳಲ್ಲಿ ಈ ಫೋಟೋ ಎಲ್ಲೆಲ್ಲೂ ಓಡಾಡ್ತು. ಸಾಕಾಯ್ತು, ಇವತ್ತು ನನ್ನ ಕೈಲಿ ಏನೂ ಆಗಲ್ಲ ಅಂತ ಹೇಳ್ಬೇಕು ಅಂದ್ರೆ ಇದನ್ನೇ ಕಳಿಸೋರು. ಅದಕ್ಕೊಂದು ಹೆಸರೂ ಬಂತು: 'ಗೆ ಯೋ ತಾಂಗ್'. ಅಂದ್ರೆ ಗೆ ಯೋ ಥರ ಬಿದ್ದುಕೊಳ್ಳೋದು.

ಈ ಗೆ ಯೋ ಯಾರು? ಚೀನಾದ ದೊಡ್ಡ ನಟರಲ್ಲಿ ಒಬ್ಬರು. ಆ ದೃಶ್ಯ ಇರೋದು 1993ರ 'ಐ ಲವ್ ಮೈ ಫ್ಯಾಮಿಲಿ' ಅನ್ನೋ ಟಿವಿ ಕಾಮಿಡಿಯಲ್ಲಿ. ಅದರಲ್ಲಿ ಅವರದು ಅತಿಥಿ ಪಾತ್ರ, ಯಾರದೋ ಮನೆಗೆ ಬಂದು ವಕ್ಕರಿಸಿ ಬಿಟ್ಟಿ ಊಟ ಮಾಡ್ಕೊಂಡು ಇರೋ ಒಬ್ಬ ಸೋಮಾರಿ. ಆ ಫೋಟೋನ ಕೇಳದೆ ಜಾಹೀರಾತಿಗೆ ಬಳಸಿಕೊಂಡ ಹಲವು ಕಂಪನಿಗಳ ಮೇಲೆ ಗೆ ಯೋ ಕೇಸ್ ಹಾಕಿ ಗೆದ್ದೂ ಇದ್ದಾರೆ.

ಆದ್ರೆ ನಾನು ಹೇಳೋಕೆ ಹೊರಟಿರೋದು ಬೇರೆ. ವೆರೈಟಿ ಆ್ಯಕ್ಟರ್ ಅಂದ ತಕ್ಷಣ ನಮಗೆ ನೆನಪಾಗೋದು ಗೆಟಪ್. ವಿಗ್ಗು, ಮೀಸೆ, ತೂಕ ಇಳಿಸೋದು, ದನಿ ಬದಲಾಯಿಸೋದು. ಗೆ ಯೋ ಇದ್ಯಾವುದನ್ನೂ ಹೆಚ್ಚು ನೆಚ್ಚಿಕೊಂಡವರಲ್ಲ. ಅದೇ ಮುಖ, ಅದೇ ಜೋಲು ಭುಜ, ಅದೇ ನಿಧಾನದ ಮಾತು. ಬದಲಾಗೋದು ಆ ಮುಖದ ಸುತ್ತ ನಡೀತಾ ಇರೋ ವಿಷಯ.

ಮೂರು ಉದಾಹರಣೆ ನೋಡಿ. 2004ರ 'ಎ ವರ್ಲ್ಡ್ ವಿದೌಟ್ ಥೀವ್ಸ್'. ಒಬ್ಬ ಮುಗ್ಧ ಹುಡುಗ ಐದು ವರ್ಷ ದುಡಿದ 60,000 ಯುವಾನ್ ಹಿಡ್ಕೊಂಡು ರೈಲು ಹತ್ತಿದ್ದಾನೆ. ಅದೇ ರೈಲಲ್ಲಿ ಕಳ್ಳರ ಗ್ಯಾಂಗ್. ಅದರ ಯಜಮಾನ ನಮ್ಮ ಗೆ ಯೋ. ಕಿರುಚಾಟ ಇಲ್ಲ, ಹಾರಾಟ ಇಲ್ಲ. ಸೋಫಾ ಮೇಲೆ ನಗು ಬರಿಸಿದ್ದ ಅದೇ ನಿಧಾನ ಇಲ್ಲಿ ಭಯ ಹುಟ್ಟಿಸುತ್ತೆ. 2008ರ 'ಇಫ್ ಯು ಆರ್ ದಿ ಒನ್'ನಲ್ಲಿ ವಯಸ್ಸು ಮೀರಿದ ಮೇಲೆ ಹೆಣ್ಣು ಹುಡುಕೋಕೆ ಹೊರಟವನು. ಅದೇ ಮುಖದಲ್ಲಿ ಒಂಟಿತನ. 2010ರ 'ಲೆಟ್ ದಿ ಬುಲೆಟ್ಸ್ ಫ್ಲೈ'ನಲ್ಲಿ ದುಡ್ಡು ಕೊಟ್ಟು ಅಧಿಕಾರಿ ಹುದ್ದೆ ಕೊಂಡ ಮೋಸಗಾರ. ಡಕಾಯಿತರ ಕೈಗೆ ಸಿಕ್ಕಾಗ ಪ್ರಾಣ ಉಳಿಸ್ಕೊಳ್ಳೋಕೆ ಅಧಿಕಾರಿ ನಾನಲ್ಲ, ನಾನು ಬರೀ ಸಲಹೆಗಾರ ಅಂತಾನೆ. ಅಷ್ಟೆಲ್ಲಾ ಬುದ್ಧಿ ಓಡಿಸಿದವನು ಕೊನೆಗೆ ಸಾಯೋದು ಬೆಳ್ಳಿ ನಾಣ್ಯದ ರಾಶಿ ನಡುವೆ.

ಇನ್ನು ಅವರ ಅತಿ ದೊಡ್ಡ ಪಾತ್ರಕ್ಕೆ ಬರೋಣ. 1994ರ 'ಟು ಲಿವ್'. ನಿರ್ದೇಶಕ ಜಾಂಗ್ ಯಿಮೋ, ಕಾದಂಬರಿ ಯು ಹುವಾ ಅವರದು, ನಾಯಕಿ ಗಾಂಗ್ ಲಿ. ಗೆ ಯೋ ಪಾತ್ರದ ಹೆಸರು ಫುಗುಯಿ.

ಫುಗುಯಿ ಶ್ರೀಮಂತರ ಮನೆ ಹುಡುಗ. ಜೂಜಿನಲ್ಲಿ ಮನೆನೇ ಕಳ್ಕೊಂಡು, ತೊಗಲುಗೊಂಬೆ ಆಟ ಆಡಿಸಿ ಹೊಟ್ಟೆ ಹೊರೆಯೋ ಸ್ಥಿತಿಗೆ ಬರ್ತಾನೆ. ಆಮೇಲೆ ಕ್ರಾಂತಿ ಆಗುತ್ತೆ. ಆ ಮನೆ ಗೆದ್ದವನಿದ್ದಾನಲ್ಲ, ಅವನಿಗೆ ಜಮೀನ್ದಾರ ಅಂತ ಪಟ್ಟ ಕಟ್ಟಿ ಗುಂಡಿಟ್ಟು ಕೊಲ್ತಾರೆ. ಫುಗುಯಿಗೆ ಕೇಳಿಸೋದು ಬರೀ ಗುಂಡಿನ ಸದ್ದು. ಮನೆ ಸೋಲದೇ ಇದ್ದಿದ್ರೆ ಆ ಗುಂಡು ತನಗೇ ಬೀಳ್ತಿತ್ತು ಅಂತ ಅವನಿಗೆ ಹೊಳೆಯುತ್ತೆ. ನಾನು ಬಿ.ಕಾಂ ಓದಿದವನು, ಲಾಭ ನಷ್ಟ ಎರಡು ಬೇರೆ ಬೇರೆ ಕಾಲಂ ಅಂತಲೇ ಕಲಿತಿದ್ದು. ಇಲ್ಲಿ ನಷ್ಟವೇ ಜೀವ ಉಳಿಸಿದೆ. ಗೆ ಯೋ ಮುಖದಲ್ಲಿ ಆಗ ಕಾಣೋದು ಅಳುನೂ ಅಲ್ಲ, ಸಮಾಧಾನನೂ ಅಲ್ಲ, ಬರೀ ನಡುಕ.

ಇನ್ನೊಂದು ದೃಶ್ಯ. ನಿದ್ದೆಗಣ್ಣಿನ ಮಗನನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗ್ತಾ ಫುಗುಯಿ ಹೇಳ್ತಾನೆ: ನಮ್ಮ ಸಂಸಾರ ಒಂದು ಕೋಳಿಮರಿ ಇದ್ದ ಹಾಗೆ. ಮರಿ ಬೆಳೆದು ಹೆಬ್ಬಾತು ಆಗುತ್ತೆ, ಅದು ಕುರಿ ಆಗುತ್ತೆ, ಕುರಿ ಎತ್ತಾಗುತ್ತೆ. ಎತ್ತಾದ ಮೇಲೆ? ಆಮೇಲೆ ಕಮ್ಯುನಿಸಂ! ಅದೇ ದಿನ ಒಂದು ಅಪಘಾತದಲ್ಲಿ ಆ ಮಗು ಸಾಯುತ್ತೆ. ಮುಂದೆ ಮಗಳೂ ಹೋಗ್ತಾಳೆ. ಹೆರಿಗೆ ಆಗಿ ರಕ್ತ ಹೋಗ್ತಾ ಇದೆ, ಆದ್ರೆ ಆಸ್ಪತ್ರೆಯಲ್ಲಿ ನುರಿತ ಡಾಕ್ಟರೇ ಇಲ್ಲ. ಸಾಂಸ್ಕೃತಿಕ ಕ್ರಾಂತಿಯ ಹೆಸರಲ್ಲಿ ಅವರನ್ನೆಲ್ಲ ಹಿಡ್ಕೊಂಡು ಹೋಗಿದ್ದಾರೆ.

ಸಿನಿಮಾದ ಕೊನೆಯಲ್ಲಿ ಫುಗುಯಿ ಅಜ್ಜ. ಗೊಂಬೆಗಳೆಲ್ಲ ಸುಟ್ಟುಹೋಗಿವೆ, ಖಾಲಿ ಪೆಟ್ಟಿಗೆಯಲ್ಲಿ ಮೊಮ್ಮಗನ ಕೋಳಿಮರಿಗಳಿವೆ. ಮತ್ತೆ ಅದೇ ಕಥೆ: ಮರಿ, ಹೆಬ್ಬಾತು, ಕುರಿ, ಎತ್ತು. ಎತ್ತಾದ ಮೇಲೆ ಏನು ಅಂತ ಮಗು ಕೇಳುತ್ತೆ. ಅಜ್ಜ ಒಂದು ಕ್ಷಣ ತಡೀತಾನೆ. ಈ ಸಲ ಕಮ್ಯುನಿಸಂ ಅನ್ನೋ ಪದ ಬರೋದಿಲ್ಲ. ನೀನು ದೊಡ್ಡವನಾಗ್ತೀಯ, ಬದುಕು ಒಳ್ಳೇದಾಗುತ್ತೆ, ಅಷ್ಟೇ. ಮೂವತ್ತು ವರ್ಷದ ಇತಿಹಾಸ ಆ ಒಂದು ಕ್ಷಣದ ಮೌನದಲ್ಲಿದೆ. ಯಾವ ಮೇಕಪ್ಪೂ ಕೊಡೋಕಾಗದ್ದು ಅದು.

1994ರ ಕಾನ್ ಚಿತ್ರೋತ್ಸವದಲ್ಲಿ ಗೆ ಯೋಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಚೀನಾದ ನಟನೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆದ್ರೆ ಚೀನಾದ ಥಿಯೇಟರ್‌ಗಳಲ್ಲಿ ಆ ಸಿನಿಮಾ ಬಿಡುಗಡೆ ಆಗಲೇ ಇಲ್ಲ, ಸರ್ಕಾರ ತಡೀತು.

ಈ ಸಹಜತೆ ಎಲ್ಲಿಂದ ಬಂತು? ಗೆ ಯೋ ಹುಟ್ಟಿದ್ದು 1957ರಲ್ಲಿ, ಬೀಜಿಂಗ್‌ನಲ್ಲಿ. ಅಪ್ಪನೂ ನಟ, ವಿಲನ್ ಪಾತ್ರಗಳಿಗೆ ಹೆಸರಾದವರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಊರಿನ ಹುಡುಗರನ್ನ ಹಳ್ಳಿಗೆ ಕಳಿಸ್ತಿದ್ರಲ್ಲ, ಇವರಿಗೆ ಅಲ್ಲಿ ಸಿಕ್ಕಿದ್ದು ಹಂದಿ ಸಾಕೋ ಕೆಲಸ. ಆಮೇಲೆ ನಟನೆಗೆ ಅಂತ ಹಲವು ಕಡೆ ಪ್ರಯತ್ನ ಮಾಡಿ ಆಯ್ಕೆ ಆಗಲಿಲ್ಲ. ಕೊನೆಗೆ ಒಂದು ನಾಟಕ ತಂಡದ ಆಡಿಷನ್‌ನಲ್ಲಿ ಹಂದಿಗೆ ಮೇವು ಹಾಕೋದನ್ನೇ ಅಭಿನಯಿಸಿ ತೋರಿಸಿದ್ರು, ಪಾಸಾದ್ರು. ಗೊತ್ತಿರೋದನ್ನ ಗೊತ್ತಿರೋ ಹಾಗೇ ಮಾಡಿದ್ರು, ಅಷ್ಟೇ.

ಇಷ್ಟೆಲ್ಲಾ ಆದ್ಮೇಲೂ ನಮ್ಮ ಫೋನ್‌ಗೆ ಬಂದು ತಲುಪಿದ್ದು ಸೋಫಾ ಫೋಟೋ ಮಾತ್ರ. ಮೀಮ್ ಕಳಿಸೋದು ತಪ್ಪಲ್ಲ, ನಾನೂ ಕಳಿಸ್ತೀನಿ. ಆದ್ರೆ ಇನ್ನೊಂದ್ಸಲ ಆ ಮುಖ ಕಂಡಾಗ, ಅದೇ ಮುಖ ಒಂದು ಮಗುವಿನ ಪ್ರಶ್ನೆ ಮುಂದೆ ಸುಮ್ಮನಾಗಿದ್ದು ನೆನಪಿರಲಿ. 'ಟು ಲಿವ್' ನೋಡಿ, ಹೇಗನಿಸ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.