ಹಿರಿಯರ ಮೂರ್ಛೆ: ಸ್ಕ್ಯಾನ್ ತೋರಿಸುವ ಸತ್ಯ

ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಬೆಂಗಳೂರಿನ ಜಯನಗರದ ಮಗ್ಗುಲಿನ ಮಾನಸಿಕ ಮತ್ತು ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್‌ನಲ್ಲಿದೆ. ಅಲ್ಲಿನ ಮೆದುಳು ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಡಾ. ಎಸ್.ಕೆ. ಶಂಕರ್. ಬದುಕಿರುವಾಗ ಬೆಣ್ಣೆಯಷ್ಟು ಮೆತ್ತಗಿರುವ ಈ ಅಂಗ ಫಾರ್ಮಲಿನ್‌ನಲ್ಲಿ ಗಟ್ಟಿಯಾಗುತ್ತದೆ. ತೂಕ ಹೆಚ್ಚುಕಡಿಮೆ 1,300 ಗ್ರಾಂ. ಪಾರ್ಶ್ವವಾಯುವಿಗೆ ತುತ್ತಾದದ್ದು, ಗಡ್ಡೆ ಬೆಳೆದದ್ದು, ಆಲ್‌ಝೈಮರ್ಸ್‌ನಿಂದ ಸೊರಗಿದ್ದು, ಲಾಡಿಹುಳುವಿನ ಮರಿಗಳು ಮನೆ ಮಾಡಿಕೊಂಡದ್ದು – ಒಂದೊಂದು ಕಾಯಿಲೆಯ ಗುರುತೂ ಕಣ್ಣಿಗೆ ಕಾಣುತ್ತದೆ.

ಅರವತ್ತು ದಾಟಿದವರಲ್ಲಿ ಹೊಸದಾಗಿ ಮೂರ್ಛೆರೋಗ ಶುರುವಾಗಲು ಇವೇ ಮುಖ್ಯ ಕಾರಣಗಳು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಪಾರ್ಶ್ವವಾಯು ಬಿಟ್ಟುಹೋದ ಗಾಯ. ಸಾವಿನ ನಂತರ ಜಾಡಿಯಲ್ಲಿ ಕಾಣುವುದನ್ನು ಬದುಕಿರುವಾಗಲೇ ತೋರಿಸುವುದು ಎಂಆರ್‌ಐ.

 

ತುರ್ತಿನಲ್ಲಿ ಬಂದವರಿಗೆ ರಕ್ತಸ್ರಾವವಾಗಿದೆಯೇ ಎಂದು ತಿಳಿಯಲು ಮೊದಲು ಸಿಟಿ ಸ್ಕ್ಯಾನ್. ಸೂಕ್ಷ್ಮ ವಿವರಕ್ಕೆ ಎಂಆರ್‌ಐ. ಒಳಗೆ ಹೋಗುವ ಮುನ್ನ ಬಳೆ, ಕಾಲುಂಗುರ, ಸೇಫ್ಟಿ ಪಿನ್, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಎಲ್ಲ ತೆಗೆದಿಡಬೇಕು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಟಕಟಕ ಸದ್ದಿನ ನಡುವೆ ಅಲುಗಾಡದೆ ಮಲಗಬೇಕು. ಫ್ಲೇರ್ ಎಂಬ ಚಿತ್ರದಲ್ಲಿ ಮೆದುಳಿನ ಸುತ್ತಲಿನ ನೀರು ಕಪ್ಪಾಗುತ್ತದೆ, ಹಳೆಯ ಗಾಯ ಬೆಳ್ಳಗೆ ಎದ್ದು ಕಾಣುತ್ತದೆ. ಚಿತ್ರ ಸರಿಯಾಗಿದ್ದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆಂದಲ್ಲ. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಮತ್ತು ಮನೆಯವರು ಕಂಡದ್ದೂ ಅಷ್ಟೇ ಮುಖ್ಯ.

ತೊಡಕಿರುವುದು ಇಲ್ಲೇ. ವಯಸ್ಸಾದವರಿಗೆ ಕೈಕಾಲು ಸೆಟೆದು ಬಾಯಲ್ಲಿ ನೊರೆ ಬರಲೇಬೇಕೆಂದಿಲ್ಲ. ಮಾತಿನ ನಡುವೆ ದಿಟ್ಟಿಸುತ್ತಾ ನಿಂತುಬಿಡುತ್ತಾರೆ, ತುಟಿ ಚಪ್ಪರಿಸುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಗೊಂದಲದಲ್ಲಿರುತ್ತಾರೆ. ಅರವತ್ತಕ್ಕೆ ಅರಳುಮರಳು ಎಂದು ನಾವು ಸುಮ್ಮನಾಗುತ್ತೇವೆ. ಕೆಲವರಿಗೆ ದಿನಕ್ಕೆ ಹಲವು ಸಲ ಮುಖ, ತೋಳು ಕ್ಷಣಕಾಲ ಸೆಳೆಯುತ್ತವೆ. ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದಾಗ ಹೀಗಾಗುವುದುಂಟು. ಬೇಗ ಗುರುತಿಸಿದರೆ ಸ್ಟೀರಾಯ್ಡ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ನೆರೆ ರಾಜ್ಯಗಳಿಂದಲೂ ಜನ ಬರುವ ನಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲಿ ಕಾಯುವುದು ತಪ್ಪದು. ಮನೆಯಲ್ಲೇ ಕಳೆದುಹೋಗುವ ತಿಂಗಳುಗಳನ್ನಾದರೂ ಉಳಿಸಬಹುದಲ್ಲವೇ? ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಏನೂ ತುರುಕಬೇಡಿ. ಮಗ್ಗುಲಿಗೆ ಮಲಗಿಸಿ, ಸಮಯ ನೋಡಿಕೊಳ್ಳಿ, ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಸಿ. ಮೊದಲ ಸಲವಾದರೆ ಫಿಟ್ಸ್ ನಿಂತರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.