ಕೆಳದಿ ಅರಸರ ಮಲೆನಾಡು: ಕೋಟೆ, ಕೊಳ, ವೀರಗಲ್ಲು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳನ್ನು ಬಹುಪಾಲು ಪ್ರವಾಸಿಗರು ಜೋಗದ ಜಲಪಾತಕ್ಕೋ ಆಗುಂಬೆಯ ಸೂರ್ಯಾಸ್ತಕ್ಕೋ ಹೋಗುವ ದಾರಿಯೆಂದಷ್ಟೇ ಕಾಣುತ್ತಾರೆ. ಆದರೆ ಘಟ್ಟದ ನೆತ್ತಿಯ ಈ ಸೀಮೆ, ಹದಿನಾರನೆಯ ಶತಮಾನದ ಆರಂಭದಿಂದ 1763ರವರೆಗೆ ಕೆಳದಿ ನಾಯಕರ ಆಳ್ವಿಕೆಗೆ ನೆಲೆಯಾಗಿದ್ದು, ಮೊದಲು ವಿಜಯನಗರದ ಸಾಮಂತರಾಗಿದ್ದ ಈ ಮನೆತನವು ಮುಂದೆ ಸ್ವತಂತ್ರವಾಗಿ ಕರಾವಳಿಯನ್ನೂ ಒಳಗೊಂಡ ರಾಜ್ಯವನ್ನು ಕಟ್ಟಿತು. ಈ ಬೆಳವಣಿಗೆಗೆ ಕಾಡು, ಮಳೆ, ಘಾಟಿ ದಾರಿಗಳು ಮತ್ತು ಆ ದಾರಿಗಳಲ್ಲಿ ಬಂದರುಗಳತ್ತ ಇಳಿಯುತ್ತಿದ್ದ ಕರಿಮೆಣಸು ಕಾರಣವಾದದ್ದರಿಂದ, ಇಲ್ಲಿನ ಸ್ಮಾರಕಗಳನ್ನು ಅವುಗಳ ಸುತ್ತಲಿನ ನಿಸರ್ಗದಿಂದ ಬೇರ್ಪಡಿಸಿ ನೋಡಿದರೆ ಅರ್ಧವಷ್ಟೇ ತಿಳಿಯುತ್ತದೆ.

ಮನೆತನಕ್ಕೆ ಹೆಸರು ಕೊಟ್ಟ ಕೆಳದಿ, ಸಾಗರದ ಉತ್ತರಕ್ಕೆ ಸುಮಾರು ಎಂಟು ಕಿ.ಮೀ. ದೂರದಲ್ಲಿರುವ ಸಣ್ಣ ಊರು. ಇಲ್ಲಿ ರಾಮೇಶ್ವರ, ವೀರಭದ್ರ ಮತ್ತು ಪಾರ್ವತಿಯರ ಗುಡಿಗಳು ಒಂದೇ ಆವರಣದಲ್ಲಿದ್ದು, ವೀರಭದ್ರ ಗುಡಿಯ ಒಳಮಾಳಿಗೆಯಲ್ಲಿ ಕೆತ್ತಿರುವ ಎರಡು ತಲೆಯ ಪಕ್ಷಿ ಗಂಡಭೇರುಂಡದ ಶಿಲ್ಪವು ಪ್ರಸಿದ್ಧವಾಗಿದೆ. ಊರಿನ ವಸ್ತುಸಂಗ್ರಹಾಲಯವು ಇತಿಹಾಸಕಾರ ಕೆಳದಿ ಗುಂಡಾಜೋಯಿಸರ ದೀರ್ಘ ದುಡಿಮೆಯ ಫಲವಾಗಿದ್ದು, ಓಲೆಗರಿ, ಕಡತಗಳ ಅದರ ಸಂಗ್ರಹವನ್ನು ನೋಡದೆ ಮುಂದೆ ಹೋಗುವುದು ದೊಡ್ಡ ನಷ್ಟ.

ಮಲೆನಾಡಿನ ಗುಡಿಗಳ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಕೆಲವೊಮ್ಮೆ ಅಡಕೆ ತೋಟದ ನಡುವೆಯೂ ಎದುರಾಗುವ ವೀರಗಲ್ಲು ಮತ್ತು ಮಾಸ್ತಿಗಲ್ಲುಗಳನ್ನು ಓದಲು ಕಲಿತವರಿಗೆ ಈ ಪ್ರವಾಸದ ರುಚಿಯೇ ಬೇರೆಯಾಗುತ್ತದೆ. ವೀರಗಲ್ಲೆಂದರೆ ಊರನ್ನೋ ದನಕರುಗಳನ್ನೋ ಕಾಯುತ್ತ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಅದರ ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿ, ಅದರ ಮೇಲೆ ಈ ಕೀರ್ತಿ ಆಚಂದ್ರಾರ್ಕವಾಗಿ ಉಳಿಯಲೆಂಬ ಹಾರೈಕೆಯ ಸೂರ್ಯಚಂದ್ರರು ಇರುತ್ತಾರೆ. ಗಂಡನ ಚಿತೆಯೇರಿದ ಹೆಣ್ಣಿನ ಸ್ಮಾರಕವಾದ ಮಾಸ್ತಿಗಲ್ಲಿನಲ್ಲಿ, ಕಂಬದಿಂದ ಹೊರಚಾಚಿ ಮೇಲೆತ್ತಿದ ಬಳೆ ತೊಟ್ಟ ತೋಳು ಮುಖ್ಯ ಗುರುತು. ಅರಮನೆಯ ವೃತ್ತಾಂತಗಳಲ್ಲಿ ಹೆಸರೇ ಬರದ ಸಾಮಾನ್ಯರ ಸಾವು ಈ ಕಲ್ಲುಗಳಲ್ಲಿ ಮಾತ್ರ ದಾಖಲಾಗಿರುವುದರಿಂದ, ಇವುಗಳ ಬೆಲೆ ಕೋಟೆಕೊತ್ತಲಗಳಿಗಿಂತ ಕಡಿಮೆಯದಲ್ಲ.

ಕೆಳದಿಯಿಂದ ರಾಜಧಾನಿ ಇಕ್ಕೇರಿಗೆ ಬಂತು. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸರ ನಿಯೋಗದೊಡನೆ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದದ್ದು ಇಲ್ಲಿಗೇ. ಆ ನಗರದಲ್ಲಿ ಈಗ ಮುಖ್ಯವಾಗಿ ಉಳಿದಿರುವುದು ಅಘೋರೇಶ್ವರ ದೇವಾಲಯ. ಹೊಯ್ಸಳ ಮತ್ತು ವಿಜಯನಗರ ಶೈಲಿಗಳೆರಡರ ಛಾಯೆಯೂ ಇರುವ ಈ ಕಟ್ಟಡದ ನಡುವಣ ಕಂಬಗಳ ಅಂತರ, ಅಂದರೆ ಸುಮಾರು ಹದಿನೆಂಟೂವರೆ ಅಡಿ, ತೋಟದ ಜಮೀನನ್ನು ಅಳೆಯುವ ಪ್ರಮಾಣವಾಗಿತ್ತು ಎಂಬುದು ಇಲ್ಲಿನ ಅತ್ಯಂತ ಕುತೂಹಲಕರ ಸಂಗತಿ. ಶಿವಪ್ಪ ನಾಯಕನು (ಆಳ್ವಿಕೆ 1645–1660) ಜಾರಿಗೆ ತಂದ, ಮಣ್ಣಿನ ಗುಣಕ್ಕೆ ತಕ್ಕಂತೆ ಭೂಮಿಯನ್ನು ವರ್ಗೀಕರಿಸಿ ಕಂದಾಯ ಗೊತ್ತುಪಡಿಸುವ ‘ಶಿಸ್ತು’ ಎಂಬ ಪದ್ಧತಿಗೂ ಈ ಅಳತೆಗೂ ಸಂಬಂಧವಿದ್ದು, ದೇವರ ಮನೆಯ ಕಂಬಗಳೇ ರೈತನ ತೆರಿಗೆಗೆ ಸಾಕ್ಷಿ ನಿಂತಂತಾಗಿದೆ.

ಹದಿನೇಳನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ರಾಜಧಾನಿಯು ಘಟ್ಟದ ಅಂಚಿಗೆ ಇನ್ನಷ್ಟು ಸಮೀಪದ ಬಿದನೂರಿಗೆ, ಎಂದರೆ ಇಂದಿನ ನಗರಕ್ಕೆ ಸ್ಥಳಾಂತರಗೊಂಡಿತ್ತು. ಸುತ್ತಲಿನ ಗುಡ್ಡಕಾಡು ರಕ್ಷಣೆಯೊದಗಿಸಿದರೆ, ಹೊಸಂಗಡಿ ಘಾಟಿಯ ದಾರಿ ಕರಾವಳಿಯ ವ್ಯಾಪಾರವನ್ನು ಕೈಗೆಟುಕಿಸಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದ ರಾಣಿ ಚೆನ್ನಮ್ಮ (ಆಳ್ವಿಕೆ 1672–1697) ಆಳಿದ್ದು ಈ ಊರಿನಿಂದ. 1763ರಲ್ಲಿ ಹೈದರಾಲಿ ವಶಪಡಿಸಿಕೊಂಡದ್ದೂ ಇದನ್ನೇ. ರಸ್ತೆಯ ಪಕ್ಕದಲ್ಲೇ ಕಾಣುವ ಕೋಟೆಯೊಳಗೆ ದರ್ಬಾರಿನ ಅವಶೇಷಗಳೂ ‘ಅಕ್ಕ–ತಂಗಿ ಕೊಳ’ವೆಂಬ ಜೋಡಿ ಕೊಳವೂ ಇವೆ. ಸಮೀಪದ ಕಾಡಿನಂಚಿನ ದೇವಗಂಗೆಯಲ್ಲಿ ಗುಡ್ಡದ ಒರತೆಯ ನೀರು ಬೇರೆಬೇರೆ ಆಕಾರದ ಕಲ್ಲಿನ ಕೊಳಗಳ ಮೂಲಕ ಹರಿದುಹೋಗುವ ವ್ಯವಸ್ಥೆಯಿದ್ದು, ಮಳೆನಾಡಿನ ಅರಸರು ನೀರನ್ನು ಎಷ್ಟು ಸೂಕ್ಷ್ಮವಾಗಿ ಅರಿತಿದ್ದರೆಂಬುದಕ್ಕೆ ಇದಕ್ಕಿಂತ ಸುಂದರವಾದ ನಿದರ್ಶನ ಈ ಸೀಮೆಯಲ್ಲಿ ಮತ್ತೊಂದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಗದ್ದೆಗಳನ್ನು ದಾಟಿ, ಕಲ್ಲು ಹಾಸಿದ ಕಾಡುದಾರಿಯಲ್ಲಿ ನಡೆದೇ ಏರಬೇಕು. ಭುವನಗಿರಿ ದುರ್ಗವೆಂಬ ಹೆಸರೂ ಇದ್ದ ಈ ಬೆಟ್ಟಕ್ಕೆ ಒಂದರ ಮೇಲೊಂದರಂತೆ ಸುತ್ತುಗೋಡೆಗಳಿದ್ದು, ಪ್ರತಿ ಹೆಬ್ಬಾಗಿಲಿನ ಒಳಬದಿಯಲ್ಲಿ ಕಾವಲುಗಾರರ ಕೋಣೆಗಳು ಕಾಣುತ್ತವೆ. ಮಣ್ಣು ತೆಗೆದು ಬಯಲುಗೊಳಿಸಿರುವ ಅರಮನೆಯ ತಳಪಾಯದಲ್ಲಿ ಅಡುಗೆಮನೆಯ ಐದು ಉರಿಗಳ ಕಲ್ಲೊಲೆಯೂ ಬಚ್ಚಲಿನ ನೀರಿನ ಏರ್ಪಾಡೂ ಸ್ಪಷ್ಟವಾಗಿ ಉಳಿದಿದ್ದು, ಅರಸರ ದಿನನಿತ್ಯದ ಬದುಕು ಇಷ್ಟು ಹತ್ತಿರದಿಂದ ಕಾಣಸಿಗುವ ಕೋಟೆಗಳು ವಿರಳ. ತುದಿಯ ಶ್ರೀಕಂಠೇಶ್ವರ ಗುಡಿಯ ಬಳಿಯಿಂದ ಪಡುವಣ ದಿಕ್ಕಿನ ಬೆಟ್ಟಸಾಲುಗಳು ಪದರಪದರವಾಗಿ ತೋರುತ್ತವೆ.

ಅದೇ ತಾಲ್ಲೂಕಿನ ಕುಪ್ಪಳಿಯಲ್ಲಿರುವುದು ಇನ್ನೊಂದು ಬಗೆಯ ಸ್ಮಾರಕ. ಕುವೆಂಪು (1904–1994) ಅವರು ಬೆಳೆದ ಮನೆಯನ್ನು ಕವಿಮನೆಯೆಂಬ ಹೆಸರಿನಲ್ಲಿ ಸಂಗ್ರಹಾಲಯವಾಗಿ ಕಾಪಾಡಲಾಗಿದ್ದು, ಮೇಲಿನ ಗುಡ್ಡದ ಬಂಡೆ ಕವಿಶೈಲದಲ್ಲಿ ಅವರ ಸಮಾಧಿಯಿದೆ. ಅದರ ಸುತ್ತ ಬೃಹತ್ ಶಿಲಾಯುಗದ ನಿಲಸುಗಲ್ಲುಗಳನ್ನು ನೆನಪಿಸುವ ಕಲ್ಲುಗಳನ್ನು ನಿಲ್ಲಿಸಲಾಗಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿರುಸಾಗಿದ್ದು, ಕವಲೇದುರ್ಗದ ಕಲ್ಲುಗಳು ಪಾಚಿಯಿಂದ ಜಾರುವುದಲ್ಲದೆ ಕಾಡುದಾರಿಯಲ್ಲಿ ಉಂಬಳಗಳ ಕಾಟವೂ ಇರುವುದರಿಂದ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಈ ಪ್ರವಾಸಕ್ಕೆ ಉತ್ತಮ. ಕೋಟೆಯ ಗೋಡೆಗಳ ಮೇಲೆ ಹತ್ತುವುದನ್ನೂ ಕೊಳಗಳಿಗೆ ಇಳಿದು ಸೋಪು ಬಳಸುವುದನ್ನೂ ಭೇಟಿ ನೀಡುವವರು ಬಿಡಬೇಕು. ತೋಟದಲ್ಲೋ ಕಾಡಿನಲ್ಲೋ ಬಿದ್ದಿರುವ ವೀರಗಲ್ಲು ಕಣ್ಣಿಗೆ ಬಿದ್ದರೆ, ಅದನ್ನು ಕದಲಿಸದೆ, ನಿಧಿಯಾಸೆಗೆ ಅದರ ಬುಡ ಅಗೆಯಲು ಯಾರಿಗೂ ಬಿಡದೆ, ಊರಿನ ಪಂಚಾಯಿತಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಬೇಕು.